ಆಟಕ್ಕುಂಟು, ಲೆಕ್ಕಕ್ಕೂ ಉಂಟೇ?

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಮತ್ತು ಪೋಷಕರ ಸಮಾವೇಶದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಕಾಲೇಜು ಪ್ರವೇಶದಲ್ಲಿ ಪಠ್ಯೇತರ ಚಟುವಟಿಕೆಗಳ ಪಾತ್ರ’. ಈ ವಿಷಯ ಯಾಕೆ ಅಂತ ಹೇಳಿಬಿಡುತ್ತೇನೆ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಪೋಷಕರು ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು: “ಮಗಳು ಹತ್ತನೇ ಕ್ಲಾಸಿಗೆ ಬಂದಳು. ಖೋ-ಖೋ ಬಿಡಿಸಿಬಿಡೋಣ ಅಂತಿದ್ದೀವಿ. ಸರಿ ತಾನೇ?” ಎರಡನೆಯದು ಇದಕ್ಕೆ ತದ್ವಿರುದ್ಧ: “ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ ಪಿಯಾನೊ, ಕುದುರೆ ಸವಾರಿ, ರೋಬೋಟಿಕ್ಸ್ ಎಲ್ಲ ಕಲಿಸ್ತಾರಂತೆ. ಮುಂದೆ ಒಳ್ಳೆ ಕಾಲೇಜಿಗೆ ಅದೇ ಬೇಕಂತೆ. ನಮ್ಮ ಮಕ್ಕಳ ಗತಿ ಏನಪ್ಪಾ?”

ಒಬ್ಬರಿಗೆ ಆಟದಿಂದ ಸೀಟು ಕೈ ತಪ್ಪುತ್ತದೆಂಬ ಭಯ, ಇನ್ನೊಬ್ಬರಿಗೆ ಆಟವಿಲ್ಲದೆ ಸೀಟು ಕೈ ತಪ್ಪುತ್ತದೆಂಬ ಭಯ. ನಮ್ಮಲ್ಲಿ ಒಂದು ಮಾತಿದೆ, ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ. ನಮ್ಮ ಮಕ್ಕಳ ಆಟ, ಹಾಡು, ನಾಟಕ, ಭಾಷಣ, ವಿಜ್ಞಾನ ಮಾದರಿ, ಇವು ಕಾಲೇಜಿನ ಲೆಕ್ಕಕ್ಕೆ ಬರುತ್ತವೆಯೋ ಇಲ್ಲವೋ? ವೇದಿಕೆ ಮೇಲೆ ನಿಂತವರು ಸಾಮಾನ್ಯವಾಗಿ ‘ಬಂದೇ ಬರುತ್ತವೆ, ಸರ್ವತೋಮುಖ ಬೆಳವಣಿಗೆ’ ಅಂದು ಚಪ್ಪಾಳೆ ತಗೊಂಡು ಹೋಗುತ್ತಾರೆ. ನಾನು ಎಂಜಿನಿಯರ್, ಲೆಕ್ಕವನ್ನು ಲೆಕ್ಕದ ಹಾಗೆಯೇ ಹೇಳುತ್ತೇನೆ.

ಮೊದಲು ನಮ್ಮ ರಾಜ್ಯದ ವಿಚಾರ. ಇಲ್ಲಿ ಕೂತಿರುವ ಬಹುಪಾಲು ಮಕ್ಕಳು ಹೋಗುವ ದಾರಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ಆಮೇಲೆ ಸಿಇಟಿ ಅಥವಾ ಡಿಗ್ರಿ ಕಾಲೇಜು. ಎಂಜಿನಿಯರಿಂಗ್ ರ‍್ಯಾಂಕನ್ನು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ ಕೊಟ್ಟು ಲೆಕ್ಕ ಹಾಕುತ್ತಾರೆ. ವೈದ್ಯಕೀಯಕ್ಕೆ ನೀಟ್. ಈ ಎರಡು ಲೆಕ್ಕದಲ್ಲೂ ಖೋ-ಖೋಗೆ ಸೊನ್ನೆ, ಪ್ರತಿಭಾ ಕಾರಂಜಿಗೆ ಸೊನ್ನೆ. ನೀವು ರಾಜ್ಯ ಮಟ್ಟದಲ್ಲಿ ಭಾವಗೀತೆಗೆ ಪ್ರಥಮ ಬಂದಿದ್ದರೂ ಆ ರ‍್ಯಾಂಕ್ ಒಂದು ಸ್ಥಾನವೂ ಮೇಲೇರುವುದಿಲ್ಲ. ಇದನ್ನು ಮುಚ್ಚಿಟ್ಟು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ.

ಆದರೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಇದೆ. ಸಿಇಟಿಯಲ್ಲಿ ‘ವಿಶೇಷ ಪ್ರವರ್ಗ’ ಅಂತ ಕೆಲವು ಸೀಟುಗಳಿವೆ. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಇವುಗಳಿಗೆ ಅಲ್ಲಿ ಜಾಗ ಇದೆ. ಸೀಟು ಬಹಳ ಕಡಿಮೆ, ಪೈಪೋಟಿ ಬಹಳ ಜಾಸ್ತಿ. ಯಾವ ಮಟ್ಟದ ಸಾಧನೆಗೆ ಎಷ್ಟು ಮನ್ನಣೆ ಎಂಬುದನ್ನು ಪರೀಕ್ಷಾ ಪ್ರಾಧಿಕಾರ ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಪ್ರಕಟಿಸುತ್ತದೆ. ಅದನ್ನು ಪಿಯುಸಿ ಮುಗಿದ ಮೇಲಲ್ಲ, ಒಂಬತ್ತನೇ ತರಗತಿಯಲ್ಲೇ ಒಮ್ಮೆ ಓದಿಸಬೇಕು. ಯಾಕೆಂದರೆ ಪ್ರಮಾಣಪತ್ರ ಸಿಗುವುದು ಈ ವಯಸ್ಸಿನಲ್ಲಿ. ಶಾಲೆಯಲ್ಲಿರುವಾಗ ಎನ್‌ಸಿಸಿಯ ‘ಎ’ ಪ್ರಮಾಣಪತ್ರ, ಕಾಲೇಜಿನಲ್ಲಿ ‘ಬಿ’ ಮತ್ತು ‘ಸಿ’. ಮುಂದೆ ಪೊಲೀಸ್, ರೈಲ್ವೆ, ಸೇನೆಗಳಲ್ಲಿ ಕ್ರೀಡಾಪಟುಗಳಿಗೆ ಪ್ರತ್ಯೇಕ ನೇಮಕಾತಿಗಳೂ ನಡೆಯುತ್ತವೆ. ಅಲ್ಲೆಲ್ಲ ಮೂಲ ಪ್ರಮಾಣಪತ್ರವನ್ನೇ ಕೇಳುತ್ತಾರೆ. ಗೋಡೆಗೆ ಹೊಡೆದ ಶೀಲ್ಡನ್ನು ಯಾರೂ ನೋಡುವುದಿಲ್ಲ.

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಇನ್ನೊಂದು ಮಾತು ಇಲ್ಲೇ ಹೇಳಬೇಕು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಒಂದರಿಂದ ಹತ್ತರವರೆಗೆ ಹಾಗೆ ಓದಿರಬೇಕು, ಬಿಇಒ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಇರಬೇಕು. ಬೆಂಗಳೂರಿನ ಹುಡುಗ ಲಕ್ಷ ಕೊಟ್ಟರೂ ಕೊಳ್ಳಲಾಗದ ಕಾಗದ ಅದು. ನಮ್ಮ ಶಾಲೆಯಲ್ಲಿ ಓದಿದ್ದಕ್ಕೆ ನಿಮಗೆ ತಾನಾಗಿಯೇ ಸಿಗುತ್ತದೆ.

ಆಟ ಪಾಠಕ್ಕೆ ಅಂಕ ಕೊಟ್ಟುಬಿಟ್ಟರೆ ಏನಾಗುತ್ತದೆ ಅಂತ ಕೇಳಬಹುದು. ಪಕ್ಕದ ಕೇರಳವನ್ನು ನೋಡಿ. ಅಲ್ಲಿ ಶಾಲಾ ಕಲೋತ್ಸವ, ಕ್ರೀಡೆ, ಎನ್‌ಸಿಸಿ ಮುಂತಾದವುಗಳಲ್ಲಿ ಸಾಧನೆ ಮಾಡಿದವರಿಗೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ಸ್ ಕೊಡುವ ಪದ್ಧತಿ ಇದೆ. ಅದರಿಂದ ಅನೇಕ ಮಕ್ಕಳಿಗೆ ಪ್ರೋತ್ಸಾಹ ಸಿಕ್ಕಿದೆ, ನಿಜ. ಆದರೆ ತೀರ್ಪಿನ ವಿರುದ್ಧ ಮೇಲ್ಮನವಿ ಹಾಕುವ, ಕೋರ್ಟಿಗೆ ಹೋಗುವ ಪೋಷಕರೂ ಹೆಚ್ಚಾದರು. ನೃತ್ಯದ ಉಡುಪಿಗೆ, ತರಬೇತಿಗೆ ಸಾಲ ಮಾಡುವ ಮನೆಗಳೂ ಇದ್ದಾವೆ. ಅಂಕ ಅಂಟಿಕೊಂಡ ತಕ್ಷಣ ಆಟವೂ ಇನ್ನೊಂದು ಟ್ಯೂಷನ್ ಆಗಿಬಿಡುತ್ತದೆ. ಹಾಗಾಗಿ ನಮ್ಮ ಪ್ರತಿಭಾ ಕಾರಂಜಿಗೆ ಅಂಕ ಇಲ್ಲ ಅಂತ ಪೂರ್ತಿ ಬೇಸರ ಪಡಬೇಕಾಗಿಲ್ಲ.

ಇನ್ನು ರಾಜ್ಯದಾಚೆಗೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಪ್ರವೇಶ ಸಿಯುಇಟಿ ಪರೀಕ್ಷೆಯ ಮೇಲೆ. ಅದಲ್ಲದೆ ಕ್ರೀಡೆಗೆ ಮತ್ತು ಪಠ್ಯೇತರ ಚಟುವಟಿಕೆಗಳಿಗೆ ಹೆಚ್ಚುವರಿ ಸೀಟುಗಳಿವೆ. ಸಂಗೀತ, ನೃತ್ಯ, ರಂಗಭೂಮಿ, ಚರ್ಚಾಸ್ಪರ್ಧೆ, ರಸಪ್ರಶ್ನೆ, ಯೋಗ, ಎನ್‌ಸಿಸಿ, ಎನ್‌ಎಸ್‌ಎಸ್ ಹೀಗೆ ವಿಭಾಗಗಳು. ಕಲೆಗಳ ವಿಭಾಗದಲ್ಲಿ ಬರೀ ಕಾಗದ ಸಾಲದು, ಎದುರಿಗೆ ಹಾಡಿಸಿ, ಆಡಿಸಿ ನೋಡುತ್ತಾರೆ. ಮದ್ರಾಸ್ ಐಐಟಿ 2024-25ರಿಂದ ಕ್ರೀಡಾ ಸಾಧಕರಿಗೆ ಪ್ರತಿ ಪದವಿ ಕೋರ್ಸಿನಲ್ಲಿ 2 ಹೆಚ್ಚುವರಿ ಸೀಟು ಇಟ್ಟಿತು, ಅದರಲ್ಲಿ ಒಂದು ಹೆಣ್ಣುಮಕ್ಕಳಿಗೇ. ಮರುವರ್ಷ ಲಲಿತಕಲೆ ಮತ್ತು ಸಂಸ್ಕೃತಿಗೂ ಅಂಥದ್ದೇ ವ್ಯವಸ್ಥೆ ಮಾಡಿತು. ಆದರೆ ಗಮನಿಸಿ: ಮೊದಲು ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರಲೇಬೇಕು. ಅಂದರೆ ಓದಿನ ಹೊಸ್ತಿಲು ದಾಟಿದವರಿಗೆ ಮಾತ್ರ ಆಟ ಕೈ ಹಿಡಿಯುತ್ತದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನವೂ ಇದೆ. ಅಂಥ ಸಂದರ್ಶನಗಳಲ್ಲಿ ನೀವು ಏನು ಓದಿದ್ದೀರಿ, ಏನು ಮಾಡಿದ್ದೀರಿ, ಯಾಕೆ ಅಂತ ಕೇಳಿದರೆ ಬಾಯಿ ಬಿಟ್ಟು ಹೇಳಲು ಬರಬೇಕು.

ಪಿಯಾನೊ, ಕುದುರೆ ಸವಾರಿಯ ಪ್ರಶ್ನೆ ಹುಟ್ಟುವುದು ಮುಖ್ಯವಾಗಿ ಅಮೆರಿಕದ ಕಾಲೇಜುಗಳಿಂದ. ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಮಕ್ಕಳು ದೊಡ್ಡವರಾದ ಸಹೋದ್ಯೋಗಿಗಳ ಮಾತೆಲ್ಲ ಇದೇ. ‘ಪ್ರೊಫೈಲ್’ ಕಟ್ಟಿಕೊಡುತ್ತೇವೆ ಅಂತ ಲಕ್ಷಗಟ್ಟಲೆ ಫೀಸು ತಗೊಳ್ಳುವ ಸಲಹೆಗಾರರೂ ಬೆಂಗಳೂರಿನಲ್ಲಿ ಇದ್ದಾರೆ. ಆದ್ದರಿಂದ ಅದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಲ್ಲಿ ನೂರಾರು ಕಾಲೇಜುಗಳು ‘ಕಾಮನ್ ಅಪ್ಲಿಕೇಶನ್’ ಎಂಬ ಒಂದೇ ಅರ್ಜಿ ಒಪ್ಪುತ್ತವೆ. ಅಂಕಗಳ ಜೊತೆಗೆ ಅದರಲ್ಲಿ ಚಟುವಟಿಕೆಗಳ ಪಟ್ಟಿ ಇದೆ. ಹೆಚ್ಚೆಂದರೆ 10 ಚಟುವಟಿಕೆ ಬರೆಯಬಹುದು. ಒಂದೊಂದರ ವಿವರಣೆಗೆ 150 ಅಕ್ಷರಗಳಷ್ಟೇ ಜಾಗ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ಕೇಳುತ್ತಾರೆ. ಜೊತೆಗೆ 650 ಪದ ಮೀರದ ಒಂದು ಪ್ರಬಂಧ. ಎಂಐಟಿ ತನ್ನದೇ ಅರ್ಜಿ ಇಟ್ಟುಕೊಂಡಿದೆ, ಅದು ಕೇಳುವುದು ನಿಮಗೆ ಮುಖ್ಯವಾದ 4 ಚಟುವಟಿಕೆಗಳನ್ನು ಮಾತ್ರ. ಅಂದರೆ ಪಟ್ಟಿ ಉದ್ದವಾದಷ್ಟೂ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಂತೂ ಆಟೋಟಕ್ಕಿಂತ ಹೆಚ್ಚಾಗಿ, ನೀವು ಸೇರಬೇಕೆಂದಿರುವ ವಿಷಯದಲ್ಲಿ ಪಠ್ಯದ ಹೊರಗೆ ಏನು ಓದಿದ್ದೀರಿ, ಏನು ಯೋಚಿಸಿದ್ದೀರಿ ಅಂತ ನೋಡುತ್ತವೆ.

ಅಮೆರಿಕದವರು ಅಂಕ ಬಿಟ್ಟು ಇದನ್ನೆಲ್ಲ ಯಾಕೆ ನೋಡಲು ಶುರುಮಾಡಿದರು? ಕಥೆ ಅಷ್ಟು ಚೆಂದವಿಲ್ಲ. 1920ರ ದಶಕದಲ್ಲಿ ಹಾರ್ವರ್ಡ್‌ನಂಥ ಕಾಲೇಜುಗಳಲ್ಲಿ ಪರೀಕ್ಷೆ ಬರೆದು ಗೆದ್ದು ಬರುವ ಯಹೂದಿ ಹುಡುಗರ ಸಂಖ್ಯೆ ಏರಿತು. ಅದನ್ನು ತಗ್ಗಿಸಬೇಕೆಂದೇ ‘ನಡತೆ’, ‘ವ್ಯಕ್ತಿತ್ವ’ ಅನ್ನುವ ಅಳತೆಗೋಲು ತಂದರು. ಅಳೆಯಲಾಗದ ಗುಣವನ್ನು ಲೆಕ್ಕಕ್ಕೆ ಸೇರಿಸಿದರೆ ಬೇಕಾದವರನ್ನು ಒಳಗೆ, ಬೇಡದವರನ್ನು ಹೊರಗೆ ಇಡುವುದು ಸುಲಭ. ಇತ್ತೀಚೆಗೆ ಹಾರ್ವರ್ಡ್ ಮೇಲೆ ನಡೆದ ಮೊಕದ್ದಮೆಯಲ್ಲಿ ಆ ಕಾಲೇಜು ಅರ್ಜಿದಾರರಿಗೆ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಅಂತ ಬೇರೆ ಬೇರೆ ದರ್ಜೆ ಕೊಡುವುದು ಎಲ್ಲರಿಗೂ ತಿಳಿಯಿತು. ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ದರ್ಜೆಯಲ್ಲಿ ಅನ್ಯಾಯವಾಗುತ್ತಿದೆ ಎಂಬುದು ಅಲ್ಲಿನ ಮುಖ್ಯ ದೂರುಗಳಲ್ಲಿ ಒಂದು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯ ವಿರುದ್ಧ ತೀರ್ಪು ಕೊಟ್ಟಿತು. ಚಟುವಟಿಕೆಗಳನ್ನು ನೋಡುವ ಪದ್ಧತಿ ಮಾತ್ರ ಹಾಗೇ ಇದೆ.

2019ರಲ್ಲಿ ಇನ್ನೊಂದು ಹಗರಣ ಹೊರಬಂತು. ಶ್ರೀಮಂತ ಪೋಷಕರು, ಅವರಲ್ಲಿ ಸಿನಿಮಾ ನಟಿಯರೂ ಇದ್ದರು, ದಲ್ಲಾಳಿಯೊಬ್ಬನಿಗೆ ಹಣ ಕೊಟ್ಟಿದ್ದರು. ಆತ ಕೋಚ್‌ಗಳಿಗೆ ಲಂಚ ಕೊಟ್ಟು, ಆಟವನ್ನೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಿ ಸೀಟು ಕೊಡಿಸುತ್ತಿದ್ದ. ದೋಣಿ ಸ್ಪರ್ಧೆಗೆ ಇಳಿಯದವರ ದೋಣಿ ಹುಟ್ಟು ಹಾಕುವ ಫೋಟೊ ತೆಗೆಸಿದ್ದರು. ಹಲವರು ಜೈಲಿಗೂ ಹೋದರು. ಇದು ಅಪರಾಧದ ಮಾತಾಯಿತು. ಅಪರಾಧವಿಲ್ಲದೆಯೂ, ಹಣವಿರುವ ಮನೆಯ ಮಕ್ಕಳು ಅರ್ಜಿಯಲ್ಲಿ ಹೆಚ್ಚು ಚಟುವಟಿಕೆ ತೋರಿಸುತ್ತಾರೆ ಅಂತ ಅಲ್ಲಿನ ಸಂಶೋಧಕರೇ ಲಕ್ಷಾಂತರ ಅರ್ಜಿ ನೋಡಿ ಹೇಳಿದ್ದಾರೆ. ಕೋಚಿಂಗು, ಸಲಕರಣೆ, ಓಡಾಟ ಎಲ್ಲಕ್ಕೂ ದುಡ್ಡು ಬೇಕಲ್ಲ.

ಹಾಗಾದರೆ ನಮ್ಮ ಮಕ್ಕಳಿಗೆ ಅಲ್ಲಿ ಏನೂ ಇಲ್ಲವೇ? ಇದೆ. ಅದೇ ಪಟ್ಟಿಯಲ್ಲಿ ಚಟುವಟಿಕೆಯ ಬಗೆಗಳನ್ನು ಆರಿಸುವ ಕಡೆ ‘ಕುಟುಂಬದ ಜವಾಬ್ದಾರಿ’ ಅಂತಲೂ ‘ಸಂಬಳದ ಕೆಲಸ’ ಅಂತಲೂ ಇದೆ. ಈ ಎರಡು ಸಾಲು ನೋಡಿದಾಗ ನನಗೆ ನಮ್ಮೂರಿನ ಮಕ್ಕಳೇ ಕಣ್ಣ ಮುಂದೆ ಬಂದರು. ರೇಷ್ಮೆ ಹುಳ ಸಾಕುವ ಮನೆಯ ಹುಡುಗಿಯನ್ನು ತಗೊಳ್ಳಿ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಬೆಳಿಗ್ಗೆ ಎದ್ದು ಸೊಪ್ಪು ಕೊಯ್ದು ತರಬೇಕು, ಹಾಸಿಗೆ ಸ್ವಚ್ಛ ಮಾಡಬೇಕು, ಶಾಖ ತೇವ ನೋಡಬೇಕು. ಹುಳ ಹಣ್ಣಾದ ದಿನ ಮನೆಯವರೆಲ್ಲ ನಿದ್ದೆ ಬಿಟ್ಟು ಚಂದ್ರಿಕೆಗೆ ಬಿಡಬೇಕು. ಒಂದು ದಿನ ತಪ್ಪಿದರೆ ಬೆಳೆಯೇ ಹೋಯಿತು. ಆ ಹುಡುಗಿ ಇದನ್ನೆಲ್ಲ ಮಾಡಿ ಶಾಲೆಗೂ ಬರುತ್ತಾಳೆ. ‘ನಿನ್ನ ಹವ್ಯಾಸ ಏನಮ್ಮಾ?’ ಅಂದರೆ ತಲೆ ತಗ್ಗಿಸಿ ‘ಏನೂ ಇಲ್ಲ ಸಾರ್’ ಅನ್ನುತ್ತಾಳೆ. ಎರಡು ದಿನದ ‘ನಾಯಕತ್ವ ಶಿಬಿರ’ಕ್ಕೆ ದುಡ್ಡು ಕಟ್ಟಿ ಪ್ರಮಾಣಪತ್ರ ತಂದವನಿಗಿಂತ ಜವಾಬ್ದಾರಿ ಅಂದರೇನು ಅಂತ ಅವಳಿಗೆ ಹೆಚ್ಚು ಗೊತ್ತು. ಅರ್ಜಿ ಓದುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ, ಬರೆದು ತಿಳಿಸಿದರೆ. ಬರೆಯಲು ಕಲಿಸಬೇಕಾದ್ದು ನಾವು.

ಆದರೆ ಅಮೆರಿಕಕ್ಕೆ ಎಲ್ಲರೂ ಹೊರಡಿ ಅಂತ ನಾನು ಹೇಳುತ್ತಿಲ್ಲ. ವಿದೇಶಿ ವಿದ್ಯಾರ್ಥಿಗೆ ಪೂರ್ತಿ ಧನಸಹಾಯ ಕೊಡುವ ಕಾಲೇಜುಗಳು ಬಹಳ ಕಡಿಮೆ, ಅಲ್ಲಿ ಸ್ಪರ್ಧೆ ವಿಪರೀತ. ಹೊಲ ಅಡ ಇಟ್ಟು ಸಲಹೆಗಾರರ ಹಿಂದೆ ಹೋಗಬೇಡಿ. ‘ನಿಮ್ಮ ಮಗನ ಹೆಸರಲ್ಲಿ ಒಂದು ಎನ್‌ಜಿಒ ಮಾಡಿಸಿಕೊಡ್ತೀವಿ, ಸಂಶೋಧನಾ ಲೇಖನ ಹಾಕಿಸ್ತೀವಿ’ ಅನ್ನುವವರು ಮಾರುವುದು ಆ ದೋಣಿ ಫೋಟೊವನ್ನೇ.

ಇಷ್ಟು ಲೆಕ್ಕ ಹೇಳಿದ ಮೇಲೆ ಮೊದಲ ಪ್ರಶ್ನೆಗೆ ಬರುತ್ತೇನೆ. ಸಿಇಟಿಯಲ್ಲಿ ಸೊನ್ನೆ ಅಂದ ಮೇಲೆ ಹತ್ತನೇ ತರಗತಿಯಲ್ಲಿ ಖೋ-ಖೋ ಬಿಡಿಸಬೇಕೇ?

ಬೇಡ. ಕಾರಣ ಸೀಟು ಸಿಗುವ ದಿನದಲ್ಲಿಲ್ಲ, ಸೀಟು ಸಿಕ್ಕ ಮರುದಿನದಲ್ಲಿದೆ. ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷ ಕನ್ನಡ ಮಾಧ್ಯಮದಿಂದ ಹೋದವರಿಗೆ ಹೇಗಿರುತ್ತದೆ ಅಂತ ಹೋದವರಿಗೇ ಗೊತ್ತು. ಪಾಠ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಕೂತವನ ಮಾತೂ ಇಂಗ್ಲಿಷಿನಲ್ಲಿ. ನಮ್ಮಲ್ಲಿ ಕೆಲವರು ಬಾಯಿ ಬಿಡದೆ ಹಿಂದಿನ ಬೆಂಚು ಹಿಡಿದರು, ಕೆಲವರು ತಪ್ಪು ಇಂಗ್ಲಿಷಿನಲ್ಲೇ ಎದ್ದು ಪ್ರಶ್ನೆ ಕೇಳಿದರು. ಎರಡನೇ ಗುಂಪಿನವರ ಎಸ್‌ಎಸ್‌ಎಲ್‌ಸಿ ಅಂಕ ಹೆಚ್ಚೇನೂ ಇರಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಒಮ್ಮೆಯಾದರೂ ಮೈಕಿನ ಮುಂದೆ ನಿಂತವರು, ತಾಲ್ಲೂಕು ಮಟ್ಟದಲ್ಲಿ ಸೋತು ಮನೆಗೆ ಬಂದವರು. ನನಗೆ ಮೈಕಿನ ಭಯ ಹೋದದ್ದು ಈ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ದಿನಪತ್ರಿಕೆಯ ಮುಖ್ಯಾಂಶ ಓದಿ ಓದಿ. ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲಿ ಅದೇ ಕೈ ಹಿಡಿಯಿತು.

ಖೋ-ಖೋ ವಿಷಯವನ್ನೇ ನೋಡಿ. ಓಡಿಸುವ ತಂಡದಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬರು ಓಡುತ್ತಾರೆ. ಕೂತವರು ಅಕ್ಕಪಕ್ಕದವರಿಗೆ ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತಾರೆ. ಬೆನ್ನ ಹಿಂದಿನಿಂದ ‘ಖೋ’ ಬೀಳುವವರೆಗೆ ಏಳುವಂತಿಲ್ಲ, ಬಿದ್ದ ಮೇಲೆ ಕೂತಿರುವಂತಿಲ್ಲ. ಎಷ್ಟೇ ಚೆನ್ನಾಗಿ ಓಡುವವರೂ ಸರಿಯಾದ ಹೊತ್ತಿಗೆ ಖೋ ಕೊಟ್ಟು ತಾವು ಕೂರಬೇಕು. ನಾವು ಸಾಫ್ಟ್‌ವೇರಿನಲ್ಲಿ ರಾತ್ರಿ ಪಾಳಿಯಲ್ಲಿ ಸರ್ವರ್ ಕೆಟ್ಟಾಗ ಮಾಡುವುದೂ ಹೀಗೆಯೇ. ನನ್ನಿಂದ ಆಗದ್ದನ್ನು ಹೊತ್ತು ಮೀರುವ ಮುಂಚೆ ಇನ್ನೊಬ್ಬರಿಗೆ ಒಪ್ಪಿಸಬೇಕು, ಎದ್ದವರು ಏನಾಯಿತೆಂದು ಕ್ಷಣದಲ್ಲಿ ಅರ್ಥ ಮಾಡಿಕೊಂಡು ಓಡಬೇಕು. ಬುದ್ಧಿವಂತರು ಅನೇಕರು ಎಡವುವುದು ಇಲ್ಲೇ, ತಾವೊಬ್ಬರೇ ಓಡಲು ಹೋಗಿ.

ಇನ್ನೊಂದು ಮಾತು, ಪೋಷಕರು ಬೇಸರ ಮಾಡಿಕೊಳ್ಳಬಾರದು. ಆಟ ಬಿಡಿಸಲೇ ಅಂತ ನನ್ನನ್ನು ಕೇಳಿದವರೆಲ್ಲ ಮಗಳ ಬಗ್ಗೆಯೇ ಕೇಳಿದ್ದಾರೆ. ಮಗ ಸಂಜೆ ಏಳರವರೆಗೆ ಕ್ರಿಕೆಟ್ ಆಡಿ ಬಂದರೆ ಅದು ಪ್ರಶ್ನೆಯೇ ಆಗುವುದಿಲ್ಲ. ಓದು ಅನ್ನುವುದು ನೆಪ, ಮನೆಗೆಲಸ ಮತ್ತು ‘ದೊಡ್ಡವಳಾದಳು’ ಅನ್ನುವ ಅಂಜಿಕೆ ನಿಜವಾದ ಕಾರಣ. ದಿನಕ್ಕೆ ಒಂದು ಗಂಟೆ ಆಟದಿಂದ ಯಾರ ಫಲಿತಾಂಶವೂ ಕೆಡುವುದಿಲ್ಲ. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಅಭ್ಯಾಸ ಕಡಿಮೆ ಮಾಡಲಿ, ಸಾಕು. ಪಂದ್ಯಕ್ಕೆ ಹೋದ ದಿನಗಳ ಪಾಠವನ್ನು ಮತ್ತೆ ಹೇಳಿಕೊಡಿ ಅಂತ ಗುರುಗಳನ್ನು ಕೇಳಿ, ನಮ್ಮ ಮೇಷ್ಟ್ರು ಯಾರೂ ಇಲ್ಲ ಅನ್ನುವುದಿಲ್ಲ.

ಮಕ್ಕಳೇ, ಹಾಗಂತ ಎಲ್ಲದಕ್ಕೂ ಹೆಸರು ಕೊಡಬೇಡಿ. ಒಂದೋ ಎರಡೋ ಹಿಡಿಯಿರಿ, ಮೂರು ವರ್ಷ ಬಿಡದೆ ಮಾಡಿ. ಆಟ ಇಷ್ಟವಿಲ್ಲದವರಿಗೆ ಬೇರೆ ದಾರಿಗಳಿವೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ನಿಮ್ಮದೊಂದು ಹೊಸ ಯೋಚನೆ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ, ಹೆಸರು ಕಳಿಸಬೇಕಾದ್ದು ಶಾಲೆ. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ನಿಮ್ಮೂರಿನ ಕೆರೆ, ಕೊಳವೆಬಾವಿ, ಹುಳದ ರೋಗ ಇವೇ ವಿಷಯವಾಗಬಹುದು, ಪ್ರಯೋಗಾಲಯ ಬೇಕಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಓದಿ. ಕನ್ನಡ ವಿಕಿಪೀಡಿಯದಲ್ಲಿ ನಿಮ್ಮೂರಿನ ಬಗ್ಗೆ ಒಂದು ಒಳ್ಳೆಯ ಲೇಖನ ಬರೆಯಿರಿ. ಬರೆದದ್ದನ್ನು ಬೇರೆಯವರು ತಿದ್ದಿದಾಗ ಸಿಟ್ಟು ಮಾಡಿಕೊಳ್ಳದಿರುವುದನ್ನೂ ಅಲ್ಲೇ ಕಲಿಯುತ್ತೀರಿ.

ಕೊನೆಯದಾಗಿ ಶಾಲೆಗೆ ಮತ್ತು ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಮೂರು ವಿನಂತಿ. ಒಂದು, ಪ್ರತಿ ಮಗುವಿಗೂ ಒಂದು ಚಟುವಟಿಕೆ ಪುಸ್ತಕ ಇರಲಿ. ಯಾವ ದಿನ, ಯಾವ ಸ್ಪರ್ಧೆ, ಯಾವ ಮಟ್ಟ, ಮನೆಯಲ್ಲಿ ಯಾವ ಜವಾಬ್ದಾರಿ ಅಂತ ಮಗುವೇ ಬರೆಯಲಿ, ಗುರುಗಳು ಸಹಿ ಹಾಕಲಿ. ಪ್ರಮಾಣಪತ್ರದ ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲೂ ಉಳಿಯಲಿ. ಮಳೆಗಾಲದಲ್ಲಿ ಸೋರುವ ಮನೆಗಳಲ್ಲಿ ಕಾಗದ ಉಳಿಯುವುದಿಲ್ಲ. ಎರಡು, ಹತ್ತನೇ ತರಗತಿಯ ದೈಹಿಕ ಶಿಕ್ಷಣದ ಪಿರಿಯಡ್ಡನ್ನು ದಯವಿಟ್ಟು ಗಣಿತಕ್ಕೆ ಕೊಡಬೇಡಿ. ಮೂರು, ಜಿಲ್ಲಾ, ರಾಜ್ಯ ಮಟ್ಟಕ್ಕೆ ಆಯ್ಕೆಯಾದ ಮಗು ಬಸ್ ಚಾರ್ಜಿಗೆ, ಒಂದು ಜೊತೆ ಶೂಗೆ ಹಿಂದೆ ಉಳಿಯಬಾರದು. ಇದರ ಖರ್ಚನ್ನು ಮುಂದಿನ ಐದು ವರ್ಷ ನಮ್ಮ ಬ್ಯಾಚಿನವರು ಹೊರಲು ಒಪ್ಪಿದ್ದೇವೆ. ಆಮೇಲೆ ಉಳಿದ ಬ್ಯಾಚಿನವರು ಒಂದೊಂದಾಗಿ ಖೋ ತಗೊಳ್ಳಬೇಕು ಅಂತ ಕೇಳಿಕೊಳ್ಳುತ್ತೇನೆ. ಚಟುವಟಿಕೆ ಪುಸ್ತಕದ ಮಾದರಿಯನ್ನು ಅಚ್ಚು ಹಾಕಿಸಿ ತಂದಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಎಂಟನೇ ತರಗತಿಯವರು ಕಚೇರಿಯ ಹತ್ತಿರ ಬಂದು ಒಂದೊಂದು ತಗೊಂಡು ಹೋಗಿ, ಇವತ್ತಿನ ತಾರೀಕು ಹಾಕಿ ಮೊದಲ ಸಾಲು ಬರೆಯಿರಿ.